11.2 ಎಂಬಿ: ಅಟ್ಟದ ಮೇಲಿನ ಸರ್ವರ್ ಯಾಕೆ ತೆವಳುತ್ತಿತ್ತು?

ನಮ್ಮ ಕನ್ನಡ ಸಂಘದ ಹಳೇ ಕಾರ್ಯಕ್ರಮಗಳ ವಿಡಿಯೋಗಳೆಲ್ಲ ಒಂದೇ ಒಂದು 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿದ್ದವು. ರಾಜ್ಯೋತ್ಸವದ ನಾಟಕಗಳು, ಭಾವಗೀತೆ ಸ್ಪರ್ಧೆ, ಸೀನಿಯರ್‌ಗಳ ಬೀಳ್ಕೊಡುಗೆ, ಜೊತೆಗೆ ಸಾವಿರಾರು ಫೋಟೋ. ಒಟ್ಟು 1.3 ಟಿಬಿ. ಪ್ರತಿ ವರ್ಷ ಒಬ್ಬರ ಬ್ಯಾಗಿನಿಂದ ಇನ್ನೊಬ್ಬರ ಬ್ಯಾಗಿಗೆ ಹೋಗುತ್ತಾ ಬಂದ ಡಿಸ್ಕು ಅದು. ಇನ್ನೊಂದು ಪ್ರತಿ ಇಡಬೇಕು ಅಂತ ಎಲ್ಲ ಬ್ಯಾಚಿನವರೂ ಅಂದುಕೊಂಡಿದ್ದರು, ಯಾರೂ ಮಾಡಿರಲಿಲ್ಲ. ಕಳೆದ ಸೆಮಿಸ್ಟರ್‌ನಲ್ಲಿ ಅದು 'ಟಿಕ್... ಟಿಕ್' ಅನ್ನೋಕೆ ಶುರು ಮಾಡಿತು.

ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ವರದಿಯನ್ನು ತೆಗೆದು ನೋಡಿದೆವು. ಅದರಲ್ಲಿ 'ಕರೆಂಟ್ ಪೆಂಡಿಂಗ್ ಸೆಕ್ಟರ್' ಅಂತ ಒಂದು ಸಾಲು ಇರುತ್ತೆ. ಓದೋಕೆ ಹೋಗಿ ಆಗದೆ, ಡಿಸ್ಕು ಅನುಮಾನದಲ್ಲಿ ಇಟ್ಟಿರುವ ಸೆಕ್ಟರ್‌ಗಳ ಲೆಕ್ಕ ಅದು. ಆರೋಗ್ಯವಾಗಿರುವ ಡಿಸ್ಕಿನಲ್ಲಿ ಸೊನ್ನೆ ಇರಬೇಕು. ನಮ್ಮದರಲ್ಲಿ 16 ಇತ್ತು.

ಕಾಪಿ ಮಾಡೋಕೆ ಜಾಗ ಇತ್ತು. ನಮ್ಮಲ್ಲೊಬ್ಬನ ಮನೆಯ ಅಟ್ಟದ ಮೇಲೆ ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಎರಡು 4 ಟಿಬಿ ಡಿಸ್ಕು ಕೂರಿಸಿ, ಸಾಂಬಾ ಮೂಲಕ ಮನೆಯವರೆಲ್ಲ ಬಳಸೋ ಹಾಗೆ ಸ್ಟೋರೇಜ್ ಸರ್ವರ್ ಮಾಡಿಟ್ಟಿದ್ದೆವು. ಶುಕ್ರವಾರ ಸಂಜೆ ಡಿಸ್ಕು ತಗೊಂಡು ಅಲ್ಲಿಗೆ ಹೋದೆವು. ಹಾಲ್‌ನಲ್ಲಿ ಲ್ಯಾಪ್‌ಟಾಪಿಗೆ ಡಿಸ್ಕು ಚುಚ್ಚಿ, ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ಸ್ವಿಚ್ಚಿಗೆ ಜೋಡಿಸಿ, ಕಾಪಿಗೆ ಹಾಕಿದೆವು. ವಿಂಡೋಸ್ ತೋರಿಸಿದ ವೇಗ ಸೆಕೆಂಡಿಗೆ 11.2 ಎಂಬಿ. ಅರ್ಧ ಗಂಟೆ ಆದಮೇಲೂ 11.2. ಗೆರೆ ಎಳೆದಷ್ಟು ನೇರ.

ಲೆಕ್ಕ ಹಾಕಿದರೆ ಈ ವೇಗದಲ್ಲಿ ಎಲ್ಲ ಮುಗಿಯೋಕೆ 30 ಗಂಟೆ ದಾಟುತ್ತೆ. ಸಾಯುತ್ತಿರುವ ಡಿಸ್ಕನ್ನು 30 ಗಂಟೆ ಬಿಡದೆ ಓಡಿಸೋದು, ಮಧ್ಯೆ ಕರೆಂಟು ಬೇರೆ ಹೋಗಿ ಬರುತ್ತೆ. ನಮ್ಮ ಸ್ವಿಚ್ಚು, ಲ್ಯಾಪ್‌ಟಾಪು, ಸರ್ವರ್ ಮೂರೂ ಗಿಗಾಬಿಟ್‌ನವು. ಅಂದರೆ ಕೆಲಸ ಮೂರು ಗಂಟೆ ಚಿಲ್ಲರೆಯಲ್ಲಿ ಮುಗಿಯಬೇಕಿತ್ತು.

ಮೊದಲ ಸಂಜೆ ಹಾಳಾದದ್ದು

"ಡಿಸ್ಕೇ ಹೋಗಿದೆಯಲ್ಲ ಮಗಾ, ಅದಕ್ಕೇ ಸ್ಲೋ" ಅಂತ ಒಬ್ಬ ಅಂದ. ಎಲ್ಲರೂ ಹೌದು ಅಂದೆವು. ಕೆಟ್ಟ ಡಿಸ್ಕು ಕಣ್ಣೆದುರಿಗೇ ಟಿಕ್ ಟಿಕ್ ಅಂತಿರುವಾಗ ಬೇರೆ ಯಾವುದರ ಮೇಲೆ ಅನುಮಾನ ಬರುತ್ತೆ? ಇನ್ನೊಬ್ಬ ಎಲ್ಲೋ ಓದಿದ್ದ, ಸರ್ವರ್ ನಿಧಾನ ಆದರೆ ಜಂಬೋ ಫ್ರೇಮ್ ಹಾಕಬೇಕು ಅಂತ. ಅದನ್ನೂ ಹಾಕಿದೆವು. ಸರ್ವರ್ ಸಂಪರ್ಕಕ್ಕೇ ಸಿಗದೆ ಹೋಯಿತು, ಅಟ್ಟ ಹತ್ತಿ ಮಾನಿಟರ್ ಚುಚ್ಚಿ ವಾಪಸ್ ಮಾಡಬೇಕಾಯಿತು. ಸಾಂಬಾದ ಸೆಟ್ಟಿಂಗ್ ಫೈಲಿನಲ್ಲಿ ನಾಲ್ಕು ಸಾಲು ಸೇರಿಸಿದೆವು, ತೆಗೆದೆವು. ರಾತ್ರಿ ಹತ್ತಕ್ಕೆ ಅವನ ಅಮ್ಮ ಬಂದು, "ಏನ್ರೋ, ಇನ್ನೂ ಮುಗೀಲಿಲ್ವಾ ನಿಮ್ದು? ಊಟ ಮಾಡ್ಕೊಂಡು ಮಲಗ್ರಪ್ಪ, ಬೆಳಗ್ಗೆ ನೋಡ್ಕೊಳ್ಳೋರಂತೆ" ಅಂದರು. ಅಷ್ಟು ಹೊತ್ತಿಗೆ ನಮಗೆ ಗೊತ್ತಿದ್ದದ್ದು ಸಂಜೆ ಗೊತ್ತಿದ್ದಷ್ಟೇ: 11.2.

ಬೆಳಗ್ಗೆ ತಿಂಡಿ ತಿನ್ನುವಾಗ ಒಂದು ಕಾಗದದ ಮೇಲೆ ದಾರಿ ಬರೆದೆವು. ಒಂದು ಫೈಲು ಎಕ್ಸ್‌ಟರ್ನಲ್ ಡಿಸ್ಕಿನಿಂದ ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ, ಅಲ್ಲಿಂದ ನೆಟ್‌ವರ್ಕ್ ಕೇಬಲ್‌ನಲ್ಲಿ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಗೋಡೆ ಮೇಲೆ ಓಡುವ ಉದ್ದ ಕೇಬಲ್‌ನಲ್ಲಿ ಅಟ್ಟಕ್ಕೆ, ಸರ್ವರ್‌ನ ಒಳಗೆ ಸಾಂಬಾಗೆ, ಕೊನೆಗೆ ಅದರ ಡಿಸ್ಕಿಗೆ. ಕೆರೆಯಿಂದ ಗದ್ದೆಗೆ ನೀರು ಬರೋ ಹಾಗೆ. ಗದ್ದೆಯಲ್ಲಿ ನಿಂತು ನೀರು ಕಡಿಮೆ ಅಂತ ಗೊಣಗಿದರೆ ತೂಬಿನ ಹತ್ತಿರ ತೊಂದರೆಯೋ, ನಾಲೆ ಮಧ್ಯದಲ್ಲೋ ಗೊತ್ತಾಗಲ್ಲ. ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಅಳೆಯಬೇಕು. ಅಳೆದು ಮುಗಿಯುವವರೆಗೆ ಯಾವ ಸೆಟ್ಟಿಂಗೂ ಮುಟ್ಟಬಾರದು ಅಂತ ನಾವೇ ಕರಾರು ಮಾಡಿಕೊಂಡೆವು.

ಮೊದಲ ತುಂಡು: ಡಿಸ್ಕಿನಿಂದ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಗೆ ಒಂದು ದೊಡ್ಡ ವಿಡಿಯೋ ಕಾಪಿ. ಸೆಕೆಂಡಿಗೆ 38 ಎಂಬಿ ಬಂತು. ನೆಟ್‌ವರ್ಕೇ ಇಲ್ಲದೆ 38 ಬರುತ್ತೆ ಅಂದಮೇಲೆ 11.2ಕ್ಕೆ ಈ ಡಿಸ್ಕು ಕಾರಣ ಅಲ್ಲ. ಹಿಂದಿನ ರಾತ್ರಿಯ ನಮ್ಮ ಒಮ್ಮತದ ತೀರ್ಮಾನ ಎರಡು ನಿಮಿಷದಲ್ಲಿ ಬಿದ್ದುಹೋಯಿತು. (ಆ 38 ಕೂಡ ಸರಿಯಾದ ಅಂಕಿ ಅಲ್ಲ. ಆದರೆ 11ಕ್ಕಿಂತ ಜಾಸ್ತಿ ಇದೆಯಲ್ಲ ಅಂತ ಮುಂದೆ ಹೋದೆವು. ಅದು ಆಮೇಲೆ ಬಂದು ಕಾಲಿಗೆ ತೊಡರಿಕೊಂಡಿತು.)

ಕೊನೆಯ ತುಂಡು: ಸರ್ವರ್‌ನ ಡಿಸ್ಕು ಎಷ್ಟು ವೇಗವಾಗಿ ಬರೆಯುತ್ತೆ? ಲಿನಕ್ಸ್‌ನ 'ಡಿಡಿ' ಕಮಾಂಡಿನಿಂದ ಸರ್ವರ್ ಒಳಗೇ ಒಂದು ದೊಡ್ಡ ಫೈಲು ಬರೆಸಿದೆವು. ಸೆಕೆಂಡಿಗೆ 1.1 ಜಿಬಿ ಅಂತ ತೋರಿಸಿತು! ತಿರುಗೋ ಹಾರ್ಡ್ ಡಿಸ್ಕು ಎಲ್ಲಿ, ಆ ವೇಗ ಎಲ್ಲಿ. ಲಿನಕ್ಸ್ ಮೊದಲು ರ‍್ಯಾಮ್‌ಗೆ ಬರೆದುಕೊಂಡು "ಆಯ್ತು" ಅಂದುಬಿಡುತ್ತೆ, ಡಿಸ್ಕಿಗೆ ಇಳಿಸೋದು ಹಿಂದಿನಿಂದ ನಿಧಾನವಾಗಿ. ಡಿಸ್ಕಿಗೆ ನಿಜವಾಗಿ ಇಳಿದ ಮೇಲೇ ಸಮಯ ಲೆಕ್ಕ ಹಾಕು ಅಂತ ಹೇಳೋಕೆ 'ಎಫ್‌ಡೇಟಾಸಿಂಕ್' ಅನ್ನೋ ಆಯ್ಕೆ ಸೇರಿಸಬೇಕು. ಸೇರಿಸಿದಾಗ 140 ಎಂಬಿ ಬಂತು. ಇದು ನಂಬುವಂಥ ಅಂಕಿ.

94 ಅನ್ನೋ ಅಂಕಿ

ಎರಡು ತುದಿಯೂ ಸರಿ. ಉಳಿದದ್ದು ನಡುವಿನ ದಾರಿ. ಇದಕ್ಕೆ 'ಐಪರ್ಫ್3' ಅನ್ನೋ ಉಚಿತ ಸಾಧನ ಇದೆ. ಒಂದು ಕಡೆ ಸರ್ವರ್ ಆಗಿ, ಇನ್ನೊಂದು ಕಡೆ ಕ್ಲೈಂಟ್ ಆಗಿ ಓಡಿಸಿದರೆ ಅದು ಒಂದರ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ಸುಮ್ಮನೆ ಡೇಟಾ ಸುರಿಯುತ್ತೆ. ಡಿಸ್ಕಿಲ್ಲ, ಸಾಂಬಾ ಇಲ್ಲ, ಬರೀ ನೆಟ್‌ವರ್ಕು. ನಮಗೆ ಸಿಕ್ಕ ಉತ್ತರ ಸೆಕೆಂಡಿಗೆ 94.1 ಮೆಗಾಬಿಟ್.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡೋಣ, ಯಾಕಂದ್ರೆ ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್‌ನಲ್ಲಿ ನಾವು ಉರು ಹೊಡೆದ ಹೆಡರ್‌ಗಳು ಜೀವ ಪಡೆಯೋ ಜಾಗ ಇದು. ಒಂದು ಈಥರ್ನೆಟ್ ಫ್ರೇಮಿನಲ್ಲಿ ಸಾಮಾನ್ಯವಾಗಿ 1500 ಬೈಟ್ ಹೊರೆ ಹಿಡಿಸುತ್ತೆ. ಅದರಲ್ಲಿ ಐಪಿ ಹೆಡರ್‌ಗೆ 20, ಟಿಸಿಪಿ ಹೆಡರ್‌ಗೆ 20, ಟಿಸಿಪಿಯ ಟೈಮ್‌ಸ್ಟ್ಯಾಂಪಿಗೆ 12 ಹೋದರೆ ನಮ್ಮ ಡೇಟಾಗೆ ಉಳಿಯೋದು 1448. ಇತ್ತ 1500ರ ಹೊರಗೆ ಈಥರ್ನೆಟ್ ಹೆಡರ್ 14, ಕೊನೆಯ ಚೆಕ್‌ಸಮ್ 4, ಮುನ್ಸೂಚನೆಯ ಪ್ರಿಯಾಂಬಲ್ 8, ಎರಡು ಫ್ರೇಮ್‌ಗಳ ನಡುವೆ ಬಿಡಬೇಕಾದ ಅಂತರ 12 ಬೈಟ್‌ಗಳಷ್ಟು. ತಂತಿ ಮೇಲೆ ಒಟ್ಟು 1538. ಈಗ 1448ನ್ನು 1538ರಿಂದ ಭಾಗಿಸಿ: 0.941. ಅಂದರೆ 100 ಮೆಗಾಬಿಟ್ ಕೊಂಡಿಯಲ್ಲಿ ಎಷ್ಟೇ ತಿಪ್ಪರಲಾಗ ಹಾಕಿದರೂ 94.1ಕ್ಕಿಂತ ಮೇಲೆ ಬರಲ್ಲ. ಎಂಟರಿಂದ ಭಾಗಿಸಿದರೆ 11.8 ಮೆಗಾಬೈಟ್. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸೋದರಿಂದ ಅದೇ ಪರದೆ ಮೇಲೆ 11.2 ಆಗಿ ಕಾಣುತ್ತೆ.

ಸಾಯುತ್ತಿರುವ ಡಿಸ್ಕಿನ ವೇಗ ಏರಿಳಿಯುತ್ತೆ, ತಡವರಿಸುತ್ತೆ. ಗೆರೆ ಎಳೆದ ಹಾಗೆ 11.2ರಲ್ಲೇ ನಿಂತಿದೆ ಅಂದರೆ ಅದು ಒಂದು ಗಣಿತದ ಗೋಡೆಗೆ ತಗುಲಿಕೊಂಡಿದೆ ಅಂತ ಅರ್ಥ. ಹಿಂದಿನ ಸಂಜೆಯೇ ಆ ಅಂಕಿ ನಮಗೆ ಕೂಗಿ ಹೇಳುತ್ತಿತ್ತು, ನಮಗೆ ಕೇಳಿಸಿರಲಿಲ್ಲ ಅಷ್ಟೇ.

ಇದೇ ಲೆಕ್ಕದಿಂದ ಜಂಬೋ ಫ್ರೇಮಿನ ಕಥೆಯೂ ಮುಗಿಯುತ್ತೆ. ಫ್ರೇಮಿನ ಹೊರೆಯನ್ನು 9000 ಬೈಟ್ ಮಾಡಿದರೆ 0.941 ಹೋಗಿ 0.99 ಆಗುತ್ತೆ. ನೂರಕ್ಕೆ ಐದರಷ್ಟು ಲಾಭ. ಹತ್ತು ಪಟ್ಟು ನಿಧಾನ ಆಗಿರೋ ಕಡೆ ಐದು ಪರ್ಸೆಂಟಿನ ಔಷಧ, ಅದೂ ದಾರಿಯಲ್ಲಿರುವ ಎಲ್ಲ ಸಾಧನಗಳೂ ಒಪ್ಪಿಕೊಂಡರೆ ಮಾತ್ರ. ನಮ್ಮ ಅಭಿಪ್ರಾಯ ಕೇಳಿದರೆ, ಮನೆ ನೆಟ್‌ವರ್ಕಿನಲ್ಲಿ ಅದರ ತಂಟೆಗೆ ಹೋಗಲೇಬೇಡಿ.

ಎಂಟನೇ ತಂತಿ

ಎಲ್ಲೋ ಒಂದು 100ರ ಕೊಂಡಿ ಇದೆ. ಎಲ್ಲಿ? ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ವೇಗ 1000 ಅಂತ ಇತ್ತು. ಸರ್ವರ್‌ನಲ್ಲಿ 'ಈಥ್‌ಟೂಲ್' ಓಡಿಸಿದಾಗ 100. ಇನ್ನೂ ಕೆಳಗೆ ಓದಿದರೆ ಸರ್ವರ್ ತನಗೆ 1000 ಬರುತ್ತೆ ಅಂತಿದೆ, ಆ ಕಡೆಯ ಸ್ವಿಚ್ಚೂ 1000 ಬರುತ್ತೆ ಅಂತಿದೆ. ಗಂಡು ಹೆಣ್ಣು ಇಬ್ಬರೂ ಒಪ್ಪಿದ್ದಾರೆ, ಮದುವೆ ಮಾತ್ರ ನಡೀತಿಲ್ಲ. ನಡುವೆ ಇರೋದು ಕೇಬಲ್ ಒಂದೇ.

ಆ ಕೇಬಲ್ ಎಳೆದದ್ದು ನಾವೇ. ಎಂಟು ತಿಂಗಳ ಹಿಂದೆ, ಕ್ರಿಂಪಿಂಗ್ ಟೂಲ್ ಕಡ ತಂದು, ಎರಡೂ ತುದಿಗೆ ಆರ್‌ಜೆ45 ಕನೆಕ್ಟರ್ ಹಾಕಿದ್ದೆವು. ಹಾಕಿ ಚುಚ್ಚಿದ ತಕ್ಷಣ ದೀಪ ಹತ್ತಿತ್ತು, ಪಿಂಗ್ ಹೋಗಿತ್ತು, ಕೈ ತೊಳೆದುಕೊಂಡಿದ್ದೆವು.

ಕೇಬಲ್ ಕೆಟ್ಟಿದ್ದರೆ ಪೂರ್ತಿ ನಿಲ್ಲಬೇಕಲ್ವಾ ಅಂತ ನಿಮಗೂ ಅನ್ನಿಸಬಹುದು. ಕೇಬಲ್‌ನೊಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಮೆಗಾಬಿಟ್‌ನ ಈಥರ್ನೆಟ್ಟಿಗೆ ಎರಡೇ ಜೋಡಿ ಸಾಕು: 1, 2, 3 ಮತ್ತು 6ನೇ ಪಿನ್‌ಗಳು. 1999ರಲ್ಲಿ ಪ್ರಮಾಣಿತವಾದ ತಾಮ್ರದ ಗಿಗಾಬಿಟ್ ಈಥರ್ನೆಟ್ಟಿಗೆ ನಾಲ್ಕೂ ಜೋಡಿ ಬೇಕು. ಉಳಿದ ಎರಡು ಜೋಡಿಯಲ್ಲಿ ಒಂದೇ ಒಂದು ತಂತಿ ತಾಗದಿದ್ದರೂ ಗಿಗಾಬಿಟ್ ಕೂರಲ್ಲ, ಚಿಪ್ಪುಗಳು ಪ್ರಯತ್ನಿಸಿ ಸೋತು ಸದ್ದಿಲ್ಲದೆ 100ಕ್ಕೆ ಇಳಿದು ಕೂರುತ್ತವೆ. ದೂರು ಹೇಳಲ್ಲ, ಕೆಂಪು ದೀಪ ಹಾಕಲ್ಲ. ಪಿಂಗ್ ಕೂಡ ಚೆನ್ನಾಗೇ ಬರುತ್ತೆ. ಅವರ ಮನೆಯ ಇಂಟರ್ನೆಟ್ ಪ್ಲಾನು 50 ಮೆಗಾಬಿಟ್‌ನದು, ಹಾಗಾಗಿ ಸ್ಪೀಡ್ ಟೆಸ್ಟ್ ಮಾಡಿದಾಗಲೆಲ್ಲ ಪೂರ್ತಿ 50 ಬರುತ್ತಿತ್ತು. ಎಂಟು ತಿಂಗಳು ಯಾರಿಗೂ ಅನುಮಾನ ಬರದೇ ಇದ್ದದ್ದು ಇದಕ್ಕೇ.

ಶನಿವಾರ ಮಧ್ಯಾಹ್ನ ಕ್ಯಾಂಪಸ್ಸಿಗೆ ಓಡಿ ಲ್ಯಾಬಿನಿಂದ ಕೇಬಲ್ ಟೆಸ್ಟರ್ ಕೇಳಿ ತಂದೆವು. ಒಂದರಿಂದ ಏಳರವರೆಗೆ ದೀಪ ಸಾಲಾಗಿ ಹತ್ತಿತು. ಎಂಟು ಹತ್ತಲಿಲ್ಲ. ಅಟ್ಟದ ಕಡೆಯ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ಬಣ್ಣದ ತಂತಿ ಮಿಕ್ಕವುಗಳಿಗಿಂತ ಒಂದೆರಡು ಮಿಲಿಮೀಟರ್ ಹಿಂದೆಯೇ ನಿಂತಿತ್ತು. ಹಿತ್ತಾಳೆ ಹಲ್ಲು ಬಂದು ಕಚ್ಚಬೇಕಾದ ಜಾಗದಲ್ಲಿ ತಂತಿಯೇ ಇರಲಿಲ್ಲ.

ಕತ್ತರಿಸಿ ಹೊಸದು ಹಾಕಿದೆವು. ನೀವು ಹಾಕುವಾಗ ಬಣ್ಣದ ಕ್ರಮ ಇದು, 568-ಬಿ ಅಂತಾರೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕ್ರಿಂಪ್ ಒತ್ತುವ ಮೊದಲು ಕನೆಕ್ಟರಿನ ಮೂತಿಯನ್ನು ನೇರ ನೋಡಿ, ಎಂಟೂ ತಾಮ್ರದ ಚುಕ್ಕಿ ಕಾಣಬೇಕು. ಕೆಲವರು ಈ ಕ್ರಮ ಯಾಕೆ, ಎರಡೂ ಕಡೆ ಒಂದೇ ಥರ ಇದ್ದರೆ ಸಾಲದಾ ಅಂತ ನೀಲಿ ಜೋಡಿಯನ್ನೂ ಹಸಿರು ಜೋಡಿಯನ್ನೂ ಪಕ್ಕಪಕ್ಕ ಇಟ್ಟುಬಿಡ್ತಾರೆ. ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತುತ್ತೆ. ಆದರೆ 3 ಮತ್ತು 6ನೇ ಪಿನ್‌ಗೆ ಒಟ್ಟಿಗೆ ಹೆಣೆದ ಜೋಡಿಯ ಬದಲು ಬೇರೆಬೇರೆ ಜೋಡಿಯ ಒಂದೊಂದು ತಂತಿ ಹೋಗಿರುತ್ತೆ. ಹೆಣೆದಿರೋದೇ ಗದ್ದಲ ಕಳೆಯೋಕೆ. ಆ ಲಾಭ ಹೋದರೆ ಒಂದು ಜೋಡಿಯ ಮಾತು ಇನ್ನೊಂದಕ್ಕೆ ಕೇಳಿಸುತ್ತೆ, ಪ್ಯಾಕೆಟ್‌ಗಳು ಹಾಳಾಗುತ್ತವೆ. ಅಗ್ಗದ ಟೆಸ್ಟರ್ ಇದನ್ನು ಹಿಡಿಯಲ್ಲ.

ಹೊಸ ಕನೆಕ್ಟರ್ ಹಾಕಿ ಐಪರ್ಫ್3 ಓಡಿಸಿದೆವು: 941 ಮೆಗಾಬಿಟ್. ಕೂಗಾಟ ಕೇಳಿ ಅಮ್ಮ ಅಡುಗೆಮನೆಯಿಂದ ಇಣುಕಿದರು.

38 ವಾಪಸ್ ಬಂತು

ಕಾಪಿಗೆ ಹಾಕಿದೆವು. 37, 38, 38. ಕೂಗಾಟ ನಿಂತಿತು.

ಒಂದು ಇಕ್ಕಟ್ಟು ಬಿಡಿಸಿದರೆ ಅದರ ಹಿಂದೆ ಅಡಗಿದ್ದದ್ದು ಮುಂದೆ ಬರುತ್ತೆ. ಈ ಸಲ ಅಂಕಿ ಕಂಡ ಕೂಡಲೇ ಯೋಚಿಸಿದೆವು. ಯುಎಸ್‌ಬಿ 2.0ರ ವೇಗ ಕಾಗದದ ಮೇಲೆ 480 ಮೆಗಾಬಿಟ್, ಕೈಗೆ ಸಿಗೋದು ಸೆಕೆಂಡಿಗೆ 35ರಿಂದ 40 ಎಂಬಿ. ಆದರೆ ಡಿಸ್ಕು 3.0, ಲ್ಯಾಪ್‌ಟಾಪಿನ ನೀಲಿ ಪೋರ್ಟೂ 3.0. ಮತ್ತೆ ಕೇಬಲ್! ಇಂಥ ಡಿಸ್ಕುಗಳ 3.0 ಕೇಬಲ್ಲಿನ ಮೂತಿ ಅಗಲವಾಗಿರುತ್ತೆ, ಎರಡು ಭಾಗ ಅಂಟಿಸಿದ ಹಾಗೆ. ಆ ಅಗಲ ತೂತಿನ ಒಂದು ಭಾಗಕ್ಕೆ ಹಳೇ ಫೋನ್ ಚಾರ್ಜರಿನ ಮೈಕ್ರೋ ಯುಎಸ್‌ಬಿ ಕೇಬಲ್ಲೂ ಸರಿಯಾಗಿ ಕೂರುತ್ತೆ, ಡಿಸ್ಕು ನಡೆಯುತ್ತೆ, ಆದರೆ 2.0 ಆಗಿ. ಡಿಸ್ಕಿನ ಮೂಲ ಕೇಬಲ್ ಯಾವ ಬ್ಯಾಚಿನಲ್ಲಿ ಕಳೆದುಹೋಯಿತೋ, ನಮ್ಮ ಕೈಗೆ ಬಂದದ್ದು ಫೋನ್ ಕೇಬಲ್ ಜೊತೆಗೆ. ಹಾಸ್ಟೆಲ್‌ನಿಂದ ಒಬ್ಬ ಜೂನಿಯರ್ ಅಗಲ ಮೂತಿಯ ಕೇಬಲ್ ತಂದುಕೊಟ್ಟ. 98 ಎಂಬಿ. ಇದಕ್ಕಿಂತ ವೇಗ ಆ ಮುದಿ ಡಿಸ್ಕಿಗೇ ಇಲ್ಲ. ಇನ್ನು ಮಾಡೋಕೆ ಏನೂ ಉಳಿದಿರಲಿಲ್ಲ, ಕೂರೋದಷ್ಟೇ.

ಕೂತಿದ್ದ ಆ ಹೊತ್ತಿನಲ್ಲಿ ನಿಮ್ಮ ಮನೆಯ ಸರ್ವರ್ ಬಗ್ಗೆ ನಾಲ್ಕು ಮಾತು, ಎಲ್ಲರದ್ದೂ ನಮ್ಮ ಕೇಬಲ್ ಕಥೆಯೇ ಆಗಿರಬೇಕಿಲ್ಲವಲ್ಲ.

ರಾಸ್ಪ್‌ಬೆರಿ ಪೈ ಮೇಲೆ ಸರ್ವರ್ ಮಾಡಿದ್ದರೆ ಯಾವ ಮಾದರಿ ನೋಡಿ. 3 ಬಿ ಪ್ಲಸ್‌ನಲ್ಲಿ ಗಿಗಾಬಿಟ್ ಪೋರ್ಟ್ ಅಂತ ಇದ್ದರೂ ಅದು ಒಳಗೆ ಯುಎಸ್‌ಬಿ 2.0 ಮೂಲಕ ಹೋಗುತ್ತೆ, 300 ಮೆಗಾಬಿಟ್ ಆಸುಪಾಸಿಗೆ ನಿಲ್ಲುತ್ತೆ. 2019ರ ಪೈ 4ರಿಂದ ಈಚೆಗೆ ನಿಜವಾದ ಗಿಗಾಬಿಟ್ ಇದೆ. ವೈಫೈನಲ್ಲಿ ಕಾಪಿ ಮಾಡ್ತಿದ್ದರೆ ಲಿಂಕ್ ವೇಗ 866 ಅಂತ ತೋರಿಸೋದನ್ನು ನಂಬಬೇಡಿ. ಗಾಳಿಯಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕು. ಸರ್ವರೂ ವೈಫೈನಲ್ಲೇ ಇದ್ದರೆ ಪ್ರತಿ ಪ್ಯಾಕೆಟ್ಟೂ ರೂಟರ್‌ಗೆ ಒಮ್ಮೆ, ರೂಟರ್‌ನಿಂದ ಒಮ್ಮೆ, ಹೀಗೆ ಎರಡು ಸಲ ಹಾರಬೇಕು. ಕನಿಷ್ಠ ಸರ್ವರನ್ನಾದರೂ ತಂತಿಗೆ ಕಟ್ಟಿ. ಹಳೇ ಪ್ರೊಸೆಸರ್ ಮೇಲೆ ಎಸ್‌ಎಸ್‌ಎಚ್ ಮೂಲಕ ಕಾಪಿ ಮಾಡ್ತಿದ್ದರೆ ಎನ್‌ಕ್ರಿಪ್ಶನ್ನಿಗೇ ಸಿಪಿಯು ಸುಸ್ತಾಗಿರಬಹುದು. 2010ಕ್ಕಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಇಎಸ್‌ಗೆಂದೇ ಇರುವ ಸೂಚನೆಗಳಿಲ್ಲ. 'ಟಾಪ್' ತೆರೆದು ಒಂದು ಕೋರ್ ನೂರಕ್ಕೆ ಮುಟ್ಟಿದೆಯಾ ನೋಡಿದರೆ ಗೊತ್ತಾಗುತ್ತೆ.

ಶುರುವಿನಲ್ಲಿ 110 ಬಂದು ಹತ್ತಿಪ್ಪತ್ತು ನಿಮಿಷ ಆದಮೇಲೆ 20ಕ್ಕೆ, 10ಕ್ಕೆ ಕುಸಿದರೆ? ಆಗ ಸರ್ವರ್‌ನ ಡಿಸ್ಕು ಎಸ್‌ಎಂಆರ್ ಬಗೆಯದಾ ನೋಡಬೇಕು. ಮಂಗಳೂರು ಹೆಂಚಿನ ಮಾಡು ನೆನಪಿಸಿಕೊಳ್ಳಿ. ಒಂದು ಹೆಂಚಿನ ಅಂಚಿನ ಮೇಲೆ ಇನ್ನೊಂದು ಕೂತಿರುತ್ತೆ. ಕೆಳಗಿನ ಒಂದನ್ನು ಬದಲಿಸೋಕೆ ಮೇಲಿನವನ್ನು ಎತ್ತಬೇಕು. ಈ ಡಿಸ್ಕುಗಳಲ್ಲಿ ಟ್ರ್ಯಾಕ್‌ಗಳೂ ಹಾಗೇ ಒಂದರ ಮೇಲೊಂದು ಹೊದಿಸಿರುತ್ತವೆ. ಬಂದ ಡೇಟಾವನ್ನು ಮೊದಲು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಕೊಳ್ಳುತ್ತೆ, ಆ ಮೂಲೆ ತುಂಬಿದ ಮೇಲೆ ಹೆಂಚು ಎತ್ತಿ ಇಡೋ ಕೆಲಸ ಶುರು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡಿಸ್ಕುಗಳು, ಸ್ಟೋರೇಜ್ ಸರ್ವರ್‌ಗೆಂದೇ ಮಾರುತ್ತಿದ್ದವು, ಎಸ್‌ಎಂಆರ್ ಎಂದು ಬಯಲಾಗಿ ದೊಡ್ಡ ಗದ್ದಲ ಆಗಿತ್ತು. ಕೊಳ್ಳೋ ಮೊದಲು ಮಾದರಿ ಸಂಖ್ಯೆ ಹುಡುಕಿ ನೋಡಿ.

ಇತ್ತ ನಮ್ಮ ಕಾಪಿ ಫೋಟೋ ಫೋಲ್ಡರಿಗೆ ಬಂದ ಕೂಡಲೇ 98ರಿಂದ 7ಕ್ಕೆ ಬಿತ್ತು. ಈ ಸಲ ಗಾಬರಿ ಆಗಲಿಲ್ಲ. ಒಂದು 4 ಜಿಬಿ ವಿಡಿಯೋಗೆ ಫೈಲ್ ತೆರೆ, ಮುಚ್ಚು ಅನ್ನೋ ಮಾತುಕತೆ ಒಂದೇ ಸಲ. ಅಷ್ಟೇ ಗಾತ್ರದ ಸಾವಿರ ಫೋಟೋಗೆ ಸಾವಿರ ಸಲ, ಪ್ರತಿ ಸಲ ಹೋಗಿ ಬರಬೇಕು, ಪ್ರತಿ ಸಲ ಡಿಸ್ಕಿನ ತಲೆ ಜಾಗ ಹುಡುಕಿಕೊಂಡು ಓಡಬೇಕು. ನಿಲ್ಲಿಸಿ, ಫೋಟೋಗಳನ್ನೆಲ್ಲ ಒಂದೇ ಟಾರ್ ಫೈಲಾಗಿ ಕಟ್ಟುತ್ತಾ ನೇರ ಸರ್ವರ್‌ಗೆ ಬರೆಸಿದೆವು. ಕಂಪ್ರೆಸ್ ಮಾಡಲಿಲ್ಲ, ಜೆಪೆಗ್ ಮೊದಲೇ ಹಿಂಡಿರುವಂಥದ್ದು, ಸುಮ್ಮನೆ ಸಿಪಿಯುಗೆ ಹಿಂಸೆ. ವೇಗ 40ರ ಹತ್ತಿರ ಬಂತು, ಅಷ್ಟು ಸಾಕಿತ್ತು.

ಶನಿವಾರ ರಾತ್ರಿ ಹನ್ನೊಂದೂವರೆಗೆ ಎರಡು ಫೈಲು ಬಿಟ್ಟು ಎಲ್ಲ ಬಂದಿತ್ತು. ಆ ಎರಡರ ಹತ್ತಿರ ಡಿಸ್ಕು ಟಿಕ್ ಟಿಕ್ ಅಂತ ನಿಂತುಬಿಡುತ್ತಿತ್ತು. ಡಿಸ್ಕನ್ನು ಲಿನಕ್ಸ್‌ಗೆ ಚುಚ್ಚಿ 'ಡಿಡಿರೆಸ್ಕ್ಯೂ' ಹಾಕಿ ಮಲಗಿದೆವು. ಅದು ಓದೋಕಾಗುವ ಜಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮತ್ತೆ ಮತ್ತೆ ಬರುತ್ತೆ. ಬೆಳಗ್ಗೆ ಒಂದು ಫೈಲು ಪೂರ್ತಿ ಸಿಕ್ಕಿತ್ತು. ಇನ್ನೊಂದು, 2017ರ ರಾಜ್ಯೋತ್ಸವ ನಾಟಕದ ಎರಡನೇ ಭಾಗ, ಹತ್ತನೇ ನಿಮಿಷದ ನಂತರ ತೆರೆಯೋದೇ ಇಲ್ಲ. ಸ್ಮಾರ್ಟ್ ವರದಿಯಲ್ಲಿ 16 ಇದ್ದದ್ದು 112 ಆಗಿತ್ತು. ಶುಕ್ರವಾರ ಸಂಜೆಯೇ 98ರಲ್ಲಿ ಓಡಿಸಿದ್ದರೆ ಅದೂ ಸಿಗುತ್ತಿತ್ತಾ ಅಂತ ಬಸ್ಸಿನಲ್ಲಿ ವಾಪಸ್ ಬರುವಾಗ ಒಬ್ಬ ಕೇಳಿದ. ಯಾರೂ ಉತ್ತರ ಕೊಡಲಿಲ್ಲ.

ಆ ನಾಟಕದ ರೆಕಾರ್ಡಿಂಗ್ ನಿಮಗೆ ಗೊತ್ತಿರುವ ಹಳೇ ಬ್ಯಾಚಿನವರ ಹತ್ತಿರ ಎಲ್ಲಾದರೂ ಇದ್ದರೆ ಸಂಘದ ಕೋಣೆಗೆ ತಲುಪಿಸಿ. ಡಿಸ್ಕಿನಲ್ಲಿ ತರೋದಾದರೆ ದಯವಿಟ್ಟು ಅಗಲ ಮೂತಿಯ ಕೇಬಲ್ಲನ್ನೂ ಜೊತೆಗೆ ತನ್ನಿ. ನಮ್ಮ ಹತ್ತಿರ ಇದ್ದದ್ದನ್ನು ಆ ಜೂನಿಯರ್ ವಾಪಸ್ ಇಸ್ಕೊಂಡು ಹೋಗಿದ್ದಾನೆ.